ಯಾಯೇಲಳ ಗೂಟ, ಓಬವ್ವನ ಒನಕೆ

ಪ್ರಶ್ನೆ: ಚಿತ್ರದುರ್ಗದಲ್ಲಿ ಮಕ್ಕಳಿಗೆ ಚಿತ್ರಕಲೆ ಹೇಳಿಕೊಡುತ್ತೇನೆ. ಓಬವ್ವನ ಕಿಂಡಿ ಎದುರು ಕೂತು ಒನಕೆ ಬರೆಯುವಾಗ ಬೈಬಲ್ಲಿನ ಯಾಯೇಲ ನೆನಪಾದಳು. ಇಸ್ರೇಲರ ಶತ್ರು ಸೇನಾಪತಿ ಸಿಸೆರನಿಗೆ ಹಾಲು ಕೊಟ್ಟು, ಅವನು ಮಲಗಿದಾಗ ತಲೆಗೆ ಡೇರೆಯ ಗೂಟ ಹೊಡೆದು ಕೊಂದವಳು. ಇಬ್ಬರಿಗೂ ಮನೆಯ ಸಾಮಾನೇ ಆಯುಧ, ಅಲ್ವಾ? ಈಗಿನ ಯಹೂದಿ ಕಲಾವಿದರು ಇಂಥ ಹೆಂಗಸರನ್ನು ಹೇಗೆ ಬರೆಯುತ್ತಾರೆ?

ಉತ್ತರ: ಸಿಯೋನಾ ಬೆಂಜಮಿನ್ ಚಿತ್ರಗಳನ್ನು ನೋಡಿ. ಮುಂಬೈನಲ್ಲಿ ಹುಟ್ಟಿದ ಕಲಾವಿದೆ, ಬೆನೆ ಇಸ್ರೇಲ್ ಎಂಬ ಭಾರತೀಯ ಯಹೂದಿ ಸಮುದಾಯದವರು. ಬೈಬಲ್ಲಿನ ಹೆಂಗಸರಿಗೆ ನೀಲಿ ಮೈಬಣ್ಣ ಕೊಡುತ್ತಾರೆ. ಮಿನಿಯೇಚರ್ (ಸಣ್ಣ ಗಾತ್ರದ, ಸೂಕ್ಷ್ಮ ಕೆಲಸದ) ಚಿತ್ರಗಳ ಛಾಯೆಯೂ ಇದೆ.

ಇನ್ನೊಬ್ಬರು: ರಕ್ತ ಜಾಸ್ತಿ ಬೇಡ. ಹಾಲಿನ ಬಟ್ಟಲು ಪಕ್ಕದಲ್ಲೇ ಇರಲಿ.

ಕೇಳಿದವರು: ಬಟ್ಟಲು ಸರಿ! ಇವತ್ತೇ ಬರೆದೆ. ಗೂಟ ಹಿಡಿದ ಬೆರಳಿನ ಗೆಣ್ಣು ಮಾತ್ರ ಇನ್ನೂ ಬಿಗಿಯಾಗಬೇಕು. ನಮ್ಮಮ್ಮ ಒನಕೆ ಹಿಡಿಯುತ್ತಿದ್ದ ಹಾಗೆ.