ಮೇರಿಲ್ಯಾಂಡ್‌ನಿಂದ ಬಾಸ್ಟನ್ ಕಡೆಗೆ: ಟೌನ್ ಶಾಲೆ, ಕೌಂಟಿ ಶಾಲೆ ನಿಜವಾಗಿ ಬೇರೆ ಬೇರೆಯಾ?

ಕೊಲಂಬಿಯಾ ಕನ್ನಡಿಗ:
ನಮಸ್ಕಾರ ಎಲ್ಲರಿಗೂ. ನಾವಿರುವುದು ಹೊವರ್ಡ್ ಕೌಂಟಿಯಲ್ಲಿ, ಕೆಲಸದ ಮೇಲೆ ಬಾಸ್ಟನ್ ಕಡೆ ಹೋಗಬೇಕಾಗಿದೆ. ಮಗಳು ಮೂರನೇ ಗ್ರೇಡ್. ಇಲ್ಲಿ ಊರು ಕೊಲಂಬಿಯಾ ಅಂತ ಹೇಳುತ್ತೇವೆ ಅಷ್ಟೇ, ಅದಕ್ಕೊಬ್ಬ ಮೇಯರ್ ಕೂಡ ಇಲ್ಲ, ಶಾಲೆ, ಪೊಲೀಸ್ ಎಲ್ಲ ಕೌಂಟಿಯದ್ದೇ. ಅಲ್ಲಿ ಟೌನ್ ಗಡಿ ದಾಟಿದರೆ ಶಾಲೆಯ ಆಡಳಿತವೇ ಬೇರೆ ಅಂತಾರೆ. ದಿನನಿತ್ಯದಲ್ಲಿ ಇದು ಗೊತ್ತಾಗುತ್ತದಾ, ಇಲ್ಲಾ ಸುಮ್ನೆ ಮನೆ ರೇಟು ಏರಿಸುವ ಮಾತಾ?

ಆ್ಯಕ್ಟನ್ ಅಜ್ಜಂಪುರ:
ಚೆನ್ನಾಗೇ ಗೊತ್ತಾಗುತ್ತದೆ ಸರ್. ಮ್ಯಾಸಚೂಸೆಟ್ಸ್‌ನಲ್ಲಿ 351 ಸಿಟಿ, ಟೌನ್‌ಗಳಿವೆ, ಇವಕ್ಕೆ ಸೇರದ ಜಾಗವೇ ಇಲ್ಲ. ಕೌಂಟಿ ಹೆಸರು ಮ್ಯಾಪ್‌ನಲ್ಲಿದೆ, ಆದರೆ ನಮ್ಮ ಮಿಡ್ಲ್‌ಸೆಕ್ಸ್ ಕೌಂಟಿ ಸರ್ಕಾರವನ್ನು 1997ರಲ್ಲೇ ರದ್ದು ಮಾಡಿದರು. ಶಾಲೆಗೆ ಎಷ್ಟು ದುಡ್ಡು ಅನ್ನುವುದು ಟೌನ್ ಮೀಟಿಂಗ್‌ಗೆ ಬರುತ್ತದೆ, ನಮ್ಮ ಆ್ಯಕ್ಟನ್ ಟೌನ್‌ನಲ್ಲಿ ನೋಂದಾಯಿತ ಮತದಾರರು ಯಾರು ಬೇಕಾದರೂ ಹೋಗಿ ಮಾತಾಡಬಹುದು, ಮತ ಹಾಕಬಹುದು. ಲೆಕ್ಸಿಂಗ್ಟನ್‌ನಲ್ಲಿ ಮಾತ್ರ ಮತ ಹಾಕುವುದು ಆರಿಸಿ ಬಂದ ಪ್ರತಿನಿಧಿಗಳು.

ನಿಜವಾದ ಬಿಸಿ ತಟ್ಟುವುದು ಓವರ್‌ರೈಡ್ ಬಂದಾಗ. ಇಲ್ಲಿ 1980ರ ಕಾನೂನಿನ ಪ್ರಕಾರ, ಹೊಸ ಕಟ್ಟಡಗಳಿಂದ ಬರುವುದನ್ನು ಬಿಟ್ಟರೆ, ಟೌನ್ ತನ್ನ ಆಸ್ತಿ ತೆರಿಗೆಯ ಒಟ್ಟು ಮಿತಿಯನ್ನು ವರ್ಷಕ್ಕೆ 2.5 ಶೇಕಡಕ್ಕಿಂತ ಜಾಸ್ತಿ ಏರಿಸುವ ಹಾಗಿಲ್ಲ, ಏರಿಸಬೇಕಂದರೆ ಜನರ ಮತ ಬೇಕು, ಅದೇ ಓವರ್‌ರೈಡ್. ಆಗ ಮನೆ ಮುಂದೆಲ್ಲ ಬೋರ್ಡು. ಮಕ್ಕಳಿರುವವರು ಒಂದು ಕಡೆ, ಪಿಂಚಣಿಯಲ್ಲಿ ಬದುಕುವ ಹಿರಿಯರು ಇನ್ನೊಂದು ಕಡೆ, ಮರುದಿನ ಅದೇ ಜನ ಲೈಬ್ರರಿಯಲ್ಲಿ ಎದುರಾಗುತ್ತಾರೆ. ಊರು ಅನ್ನುವ ಭಾವನೆ ಇಲ್ಲಿ ಬರುವುದೇ ಈ ಜಗಳದಿಂದ ಅಂತ ನನಗನ್ನಿಸುತ್ತದೆ.

ಫೇರ್‌ಫ್ಯಾಕ್ಸ್ ಶಾರದಾ:
ಕೌಂಟಿಯನ್ನು ಅಷ್ಟು ಹಗುರವಾಗಿ ನೋಡಬೇಡಿ. ವರ್ಜೀನಿಯಾದ ನಮ್ಮ ಫೇರ್‌ಫ್ಯಾಕ್ಸ್ ಕೌಂಟಿ ಶಾಲೆಗಳಲ್ಲಿ ಸುಮಾರು 1.8 ಲಕ್ಷ ಮಕ್ಕಳಿದ್ದಾರೆ. ವಿಶೇಷ ಅಗತ್ಯದ ಮಕ್ಕಳಿಗೆ ಬೇಕಾದ ಟೀಚರ್, ಥೆರಪಿಸ್ಟ್‌ಗಳನ್ನು ಸ್ವಂತವಾಗಿ ಇಟ್ಟುಕೊಳ್ಳುವುದು ಇಷ್ಟು ದೊಡ್ಡ ವ್ಯವಸ್ಥೆಗೆ ಸುಲಭ, ಚಿಕ್ಕ ಟೌನ್‌ಗೆ ಭಾರ. ದುಬಾರಿ ಮನೆಯ ಮಗುವಿಗೂ ಅಪಾರ್ಟ್‌ಮೆಂಟ್ ಮಗುವಿಗೂ ದುಡ್ಡು ಬರುವುದು ಒಂದೇ ಬಜೆಟ್‌ನಿಂದ. ಟೌನ್‌ನಲ್ಲಿ ಗಡಿಯೇ ಗೋಡೆ, ಬಾಸ್ಟನ್ ಮಕ್ಕಳನ್ನು ಹೊರಗಿನ ಟೌನ್ ಶಾಲೆಗಳಿಗೆ ಬಸ್ಸಿನಲ್ಲಿ ಕಳಿಸುವ ಮೆಟ್ಕೊ ಯೋಜನೆ 1966ರಿಂದಲೂ ನಡೆಯುತ್ತಿರುವುದು ಯಾಕೆ ಹೇಳಿ?

ಆದರೆ ಕೌಂಟಿ ಯಾವಾಗ ಬೇಕಾದರೂ ಶಾಲೆಯ ಗಡಿ ಬದಲಿಸಬಹುದು. 2019ರಲ್ಲಿ ನಿಮ್ಮ ಹೊವರ್ಡ್‌ನಲ್ಲೇ ಎಷ್ಟು ಗಲಾಟೆ ಆಯಿತು, ಅಲ್ವಾ? ಒಂದೇ ಹೈಸ್ಕೂಲ್ ಇರುವ ಟೌನ್‌ನಲ್ಲಿ ಹೈಸ್ಕೂಲ್ ಮಟ್ಟಿಗೆ ಆ ಭಯ ಇಲ್ಲ.

ಸುಮ್ನಿರಲಾರದವ:
ಗ್ರೀನ್ ಕಾರ್ಡ್, ಎಚ್‌-1ಬಿಯವರು ಒಂದು ನೆನಪಿಟ್ಟುಕೊಳ್ಳಿ. ಪೌರತ್ವ ಇಲ್ಲದಿದ್ದರೆ ಆ ಟೌನ್ ಮೀಟಿಂಗ್‌ನಲ್ಲಿ ಮತ ಇಲ್ಲ. ತೆರಿಗೆ ಮಾತ್ರ ಪೂರ್ತಿ ಕಟ್ಟಬೇಕು! ಮೇರಿಲ್ಯಾಂಡ್‌ನ ಟಕೋಮಾ ಪಾರ್ಕ್‌ನಲ್ಲಿ ಪೌರರಲ್ಲದವರೂ ನಗರ ಚುನಾವಣೆಯಲ್ಲಿ ಮತ ಹಾಕಬಹುದು, ಆದರೆ ಅಲ್ಲಿ ಶಾಲೆ ಕೌಂಟಿ ಕೈಯಲ್ಲಿದೆ.

ಕೊಲಂಬಿಯಾ ಕನ್ನಡಿಗ:
ಥ್ಯಾಂಕ್ಸ್. ನಮ್ಮದಿನ್ನೂ ಎಚ್‌-1ಬಿ. ಮೊದಲು ಬಾಡಿಗೆಗೇ ಇರುತ್ತೇವೆ. ಆ್ಯಕ್ಟನ್ ಪಕ್ಕದ ಬಾಕ್ಸ್‌ಬರೋಗೂ ಶಾಲೆ ಒಂದೇನಾ?

ಆ್ಯಕ್ಟನ್ ಅಜ್ಜಂಪುರ:
ಹೌದು, ಎರಡೂ ಟೌನ್ ಸೇರಿ ಒಂದೇ ಸ್ಕೂಲ್ ಡಿಸ್ಟ್ರಿಕ್ಟ್. ಬಾಡಿಗೆ ಮನೆ ಎರಡೂ ಕಡೆ ಹುಡುಕಿ.