‘ಪೋತದಾರ’ ಅಡ್ಡಹೆಸರು: ಮೋಡಿ ಲಿಪಿಯ ದಾಖಲೆ ಓದುವವರೊಂದಿಗೆ ಪ್ರಶ್ನೋತ್ತರ

ಸದಸ್ಯ, ಜಮಖಂಡಿ: ಗುರುಗಳೇ, ನಮಸ್ಕಾರ. ನಮ್ಮ ಅಡ್ಡಹೆಸರು ಪೋತದಾರ. ನಾವು ಲಿಂಗಾಯತರಾದರೂ ಊರಿನವರು ‘ನಿಮ್ಮ ಮೂಲದವರು ಪತ್ತಾರರು (ಅಕ್ಕಸಾಲಿಗರು)’ ಎನ್ನುತ್ತಾರೆ. ಅಜ್ಜನ ಟ್ರಂಕಿನಲ್ಲಿ ಒಂದು ಒರೆಗಲ್ಲು, ಚಿಕ್ಕ ತಕ್ಕಡಿ ಮತ್ತು ಹಿಂದೆ ಮರಾಠಿ ಬರೆಯುತ್ತಿದ್ದ ಮೋಡಿ ಲಿಪಿಯ ನಾಲ್ಕು ಮಡಿಕೆಯ ಕಾಗದ ಸಿಕ್ಕಿವೆ. ಕಲ್ಲಿನ ಅಂಚಿನಲ್ಲಿ ಚಿನ್ನದ ಗೆರೆಗಳು ಇನ್ನೂ ಕಾಣುತ್ತವೆ. ಈ ಹೆಸರು ಎಲ್ಲಿಂದ ಬಂದಿರಬಹುದು?

ಉತ್ತರ: ನಿಮ್ಮ ಟ್ರಂಕಿನ ವಸ್ತುಗಳೇ ಅರ್ಧ ಉತ್ತರ ಹೇಳುತ್ತಿವೆ. ಫಾರ್ಸಿಯ ‘ಫೋತಾ’ ಎಂದರೆ ಹಣದ ಚೀಲ. ಅದನ್ನು ನೋಡಿಕೊಳ್ಳುವವನು ಫೋತದಾರ. ಐನ್-ಇ-ಅಕ್ಬರಿಯಲ್ಲಿ ಖಜಾಂಚಿಗೆ ಇದೇ ಹೆಸರಿದೆ. ಮರಾಠರ ಆಡಳಿತದಲ್ಲಿ, ಹತ್ತಾರು ಟಂಕಸಾಲೆಗಳ ನಾಣ್ಯಗಳು ಒಟ್ಟಿಗೇ ಚಲಾವಣೆಯಲ್ಲಿದ್ದಾಗ, ಕಂದಾಯಕ್ಕೆ ಬಂದ ಹಣವನ್ನು ತೂಗಿ, ಒರೆಗೆ ಹಚ್ಚಿ, ಸವೆದ ನಾಣ್ಯಕ್ಕೆ ಬಟ್ಟಾ (ಮೌಲ್ಯದ ಕಡಿತ) ಕಳೆದು ಲೆಕ್ಕಕ್ಕೆ ಸೇರಿಸುವುದು ಪೋತದಾರನ ಕೆಲಸವಾಗಿತ್ತು. 1835ರಲ್ಲಿ ಕಂಪನಿ ಸರ್ಕಾರ 180 ಗ್ರೇನ್ ತೂಕದ ಒಂದೇ ಬಗೆಯ ರೂಪಾಯಿ ತಂದ ಮೇಲೆ ಆ ಕೆಲಸ ಕ್ರಮೇಣ ಕರಗಿತು, ಹೆಸರು ಮನೆತನದಲ್ಲಿ ನಿಂತಿತು. ಹುದ್ದೆ ಹೆಚ್ಚಾಗಿ ಅಕ್ಕಸಾಲಿಗರ ಕೈಯಲ್ಲಿತ್ತು ನಿಜ; ಆದರೆ ಹುದ್ದೆಯ ಹೆಸರಿನಿಂದ ಜಾತಿಯನ್ನು ತೀರ್ಮಾನಿಸಲಾಗದು. ಜಮಖಂಡಿ 1948ರವರೆಗೆ ಪಟವರ್ಧನರ ಸಂಸ್ಥಾನವಾಗಿದ್ದುದರಿಂದ ನಿಮ್ಮ ಕಾಗದದಲ್ಲಿ ‘ವತನ’ (ವಂಶಪಾರಂಪರ್ಯದ ಹುದ್ದೆ), ‘ಹಕ್ಕು’ ಎಂಬ ಪದಗಳಿದ್ದರೆ ಬಹಳ ಮುಖ್ಯ. ಕಿಟಕಿಯ ಓರೆ ಬೆಳಕಿನಲ್ಲಿ ಪ್ರತಿ ಮಡಿಕೆಯ ಚಿತ್ರ ತೆಗೆದು ದಯವಿಟ್ಟು ಕಳಿಸಿ.

ಸದಸ್ಯೆ, ಮೈಸೂರು: ನಮ್ಮ ಕಡೆ ಈ ಹೆಸರು ಕೇಳುವುದೇ ಅಪರೂಪ, ಏಕೆ ಸರ್?

ಉತ್ತರ: ಇದು ಮರಾಠಿ ದಫ್ತರದ ಪದ. ಕನ್ನಡದಲ್ಲಿ ನಾಣ್ಯ ಪರೀಕ್ಷಿಸುವವನು ಚಿನಿವಾರ. ‘ಚಿನಿವಾರ ಪೇಟೆ’ (ಚಿನ್ನ ಬೆಳ್ಳಿಯ ಮಾರುಕಟ್ಟೆ) ಎಂಬ ಮಾತು ಅಲ್ಲಿಂದಲೇ ಬಂದಿದೆ.



ಸದಸ್ಯ, ವಿಜಯಪುರ: ನನಗೆ ಬಂದ ಸಂದೇಶದಲ್ಲಿ ‘ಪೋತ ಎಂದರೆ ಸಂಸ್ಕೃತದಲ್ಲಿ ಹಡಗು, ಪೋತದಾರರು ಹಡಗಿನ ಒಡೆಯರು’ ಎಂದಿದೆ. ಹಳೆಯ ಕಾಗದಕ್ಕೆ ಕೊಬ್ಬರಿ ಎಣ್ಣೆ ಸವರಿದರೆ ಅಕ್ಷರ ಮೂಡುತ್ತವೆ ಎಂದೂ ಇದೆ.

ಉತ್ತರ: ಹಡಗಿನ ಕಥೆಯನ್ನು ಈ ತಿಂಗಳಲ್ಲೇ ಹಲವರು ಕಳಿಸಿದ್ದಾರೆ, ಅದು ತಪ್ಪು. ಎಣ್ಣೆ, ನಿಂಬೆರಸ, ಲ್ಯಾಮಿನೇಷನ್, ಇವು ಯಾವುವನ್ನೂ ಹಳೆಯ ಕಾಗದದ ಹತ್ತಿರ ತರಬೇಡಿ. ಬಂದ ಸಂದೇಶವನ್ನು ಪರೀಕ್ಷಿಸದೆ ಇಲ್ಲಿ ಹಾಕಬೇಡಿ.

ಸದಸ್ಯ, ಬೆಳಗಾವಿ: ಪೋತದಾರರೆಲ್ಲರೂ ದೈವಜ್ಞರೇ, ಅಂದರೆ ಅಕ್ಕಸಾಲಿಗ ಸಮುದಾಯದವರೇ. ಲಿಂಗಾಯತರು ನಡುವೆ ಈ ಹೆಸರು ಇಟ್ಟುಕೊಂಡವರು.

ಸದಸ್ಯೆ, ಧಾರವಾಡ: ಮೇಲಿನ ಉತ್ತರವನ್ನು ಓದಿದ್ದೀರಾ? ಪುಣೆಯ ಇತಿಹಾಸಕಾರ ದತ್ತೋ ವಾಮನ ಪೋತದಾರರು ಬ್ರಾಹ್ಮಣರು. ಅವರೂ ನಡುವೆ ಇಟ್ಟುಕೊಂಡವರೇ?

ಸದಸ್ಯ, ಬೆಳಗಾವಿ: ನಿಮಗೆ ನಮ್ಮ ಮನೆತನದ ವಿಚಾರ ಗೊತ್ತಿಲ್ಲದಿದ್ದರೆ ಸುಮ್ಮನಿರಿ.

ಸದಸ್ಯೆ, ಧಾರವಾಡ: ನಿಮ್ಮ ಮನೆತನದ ಬಗ್ಗೆ ನಾನು ಮಾತನಾಡಿಯೇ ಇಲ್ಲ. ಎಲ್ಲರ ಮನೆತನದ ಬಗ್ಗೆ ತೀರ್ಪು ಕೊಟ್ಟವರು ನೀವು.

ಸದಸ್ಯ, ಹುಬ್ಬಳ್ಳಿ: ಬಂಗಾಳದ ಪೋದ್ದಾರರು ನಮ್ಮ ಬಂಧುಗಳೇ ಸರ್?

ಉತ್ತರ: ಪದದ ಮೂಲ ಒಂದೇ. ಹುದ್ದೆ ಒಂದಾದ ಮಾತ್ರಕ್ಕೆ ರಕ್ತಸಂಬಂಧವಾಗದು. ಬೆಳಗಾವಿಯವರೇ, ಜಾತಿಯ ವಾದ ಇಲ್ಲಿಗೆ ಸಾಕು.

ಸದಸ್ಯ, ಜಮಖಂಡಿ: ಕ್ಷಮಿಸಿ ಗುರುಗಳೇ. ಆ ಸಂದೇಶವನ್ನು ನೋಡಿ ನಮ್ಮ ಅತ್ತಿಗೆ ಈಗಾಗಲೇ ಮೊದಲ ಮಡಿಕೆಗೆ ಎಣ್ಣೆ ಸವರಿದ್ದಾರೆ.

ಉತ್ತರ: ಒರೆಸಬೇಡಿ, ಬಿಸಿಲಿಗೆ ಇಡಬೇಡಿ, ಇಸ್ತ್ರಿ ಮಾಡಬೇಡಿ. ಆ ಭಾಗದ ಮೇಲೂ ಕೆಳಗೂ ಬಿಳಿಯ ಬ್ಲಾಟಿಂಗ್ ಪೇಪರ್ ಇಟ್ಟು, ಎಣ್ಣೆ ಉಳಿದ ಭಾಗಕ್ಕೆ ತಾಗದಂತೆ ನೋಡಿಕೊಳ್ಳಿ. ಉಳಿದ ಮೂರು ಮಡಿಕೆಗಳ ಚಿತ್ರವನ್ನು ಈಗಲೇ ತೆಗೆಯಿರಿ.