ಹೂದಾನಿಗೆ ಹೊಡೆದ ಫ್ರಾಸ್ಟೆಡ್ ಸ್ಪ್ರೇ ಸಿಪ್ಪೆ ಏಳುತ್ತಿದೆ, ಏನು ಮಾಡಲಿ?

ಪ್ರಶ್ನೆ (ಮೂಡಿಗೆರೆಯಿಂದ): ಸಾರ್, ತೋಟದ ಆಂಥೂರಿಯಂ ಇಡೋಣ ಅಂತ ಮೂರು ಗಾಜಿನ ಹೂದಾನಿಗೆ ಫ್ರಾಸ್ಟೆಡ್ ಸ್ಪ್ರೇ, ಅಂದರೆ ಗಾಜು ಮಂಜು ಕವಿದ ಹಾಗೆ ಕಾಣಿಸುವ ಬಣ್ಣ, ಹೊಡೆದೆ. ಜುಲೈ ತಿಂಗಳು, ಬಿಡದ ಮಳೆ. ಒಂದು ಕಡೆ ಬಣ್ಣ ಇಳಿದಿದೆ, ಇನ್ನೊಂದು ಕಡೆ ಬಿಳಿ ಕಲೆ, ತೊಳೆದರೆ ಸಿಪ್ಪೆ ಏಳುತ್ತದೆ. ಗಾಜು ತಿನ್ನುವ ಆಸಿಡ್ ಹಾಕಿದರೆ ಗಟ್ಟಿ ನಿಲ್ಲುತ್ತದೆ ಅಂತಾರೆ. ತರಲಾ?

ಉತ್ತರ (ಹಾಸನದಲ್ಲಿ ಗಾಜಿನ ಕೆಲಸ ಮಾಡುವವನು): ಬೇಡ ಅಕ್ಕ, ಖಂಡಿತ ತರಬೇಡಿ. ಬಾತ್‌ರೂಮ್ ತೊಳೆಯುವ ಆಸಿಡ್‌ಗೆ ಗಾಜು ಜಗ್ಗಲ್ಲ. ಗಾಜನ್ನು ತಿನ್ನುವುದು ಹೈಡ್ರೋಫ್ಲೋರಿಕ್ ಆಸಿಡ್. ಅದು ಚರ್ಮಕ್ಕೆ ತಗುಲಿದಾಗ ಕೆಲವೊಮ್ಮೆ ಉರಿಯೇ ಗೊತ್ತಾಗುವುದಿಲ್ಲ, ಒಳಗೆ ಇಳಿದು ಮೂಳೆವರೆಗೂ ಹೋಗುತ್ತದೆ, ನೋವು ಶುರುವಾಗುವಷ್ಟರಲ್ಲಿ ಗಂಟೆಗಳೇ ಕಳೆದಿರುತ್ತವೆ. ಮಕ್ಕಳಿರುವ ಮನೆಗೆ ಅದು ಬರಲೇಬಾರದು.

ನಿಮ್ಮ ಸ್ಪ್ರೇ ಕೆಟ್ಟಿದ್ದಕ್ಕೆ ಮುಖ್ಯ ಕಾರಣ ಆ ಮಳೆ. ಗಾಳಿಯಲ್ಲಿ ತೇವ ಜಾಸ್ತಿ ಇದ್ದರೆ ಒಣಗುವ ಬಣ್ಣದ ಮೇಲೆ ನೀರು ಕೂತು ಬೆಳ್ಳಗಾಗುತ್ತದೆ. ಇಳಿದಿರುವುದು ಹತ್ತಿರದಿಂದ ದಪ್ಪ ಹೊಡೆದದ್ದಕ್ಕೆ. ಸಿಪ್ಪೆ ಎದ್ದರೆ ಗಾಜಿನ ಮೇಲೆ ಕೈಯ ಜಿಡ್ಡು ಉಳಿದಿತ್ತು ಅಂತಲೇ ಲೆಕ್ಕ. ಥಿನ್ನರ್‌ನಲ್ಲಿ ಒರೆಸಿ ತೆಗೆಯಿರಿ, ಕಿಟಕಿ ತೆರೆದಿರಲಿ, ಒಲೆ ಹತ್ತಿರ ಬೇಡ. ಮತ್ತೆ ಸ್ಪ್ರೇಯೇ ಬೇಕಾದರೆ ಬಿಸಿಲು ಬರುವ ತನಕ ಕಾಯಿರಿ. ಪಾತ್ರೆ ಸೋಪಿನಲ್ಲಿ ತೊಳೆದು, ಸ್ಪಿರಿಟ್‌ನಲ್ಲಿ ಒರೆಸಿ, ಸುಮಾರು 25 ಸೆಂಟಿಮೀಟರ್ ದೂರದಿಂದ ಮೂರು ನಾಲ್ಕು ತೆಳು ಕೋಟ್ ಹೊಡೆಯಿರಿ.

ಆದರೆ ವಾರವಾರ ತೊಳೆಯುವ ಹೂದಾನಿಗೆ ನಾನಂತೂ ಸ್ಪ್ರೇ ಹೇಳುವುದಿಲ್ಲ. ಪೇಂಟ್ ಅಂಗಡಿಯಲ್ಲಿ 220 ನಂಬರ್ ವಾಟರ್ ಪೇಪರ್ ತನ್ನಿ, ಅಂದರೆ ನೀರು ಹಾಕಿ ಉಜ್ಜುವ ಮರಳು ಕಾಗದ, ಕಪ್ಪಗಿರುತ್ತದೆ. ಗ್ಲೌಸ್ ಹಾಕಿಕೊಂಡು, ಹೂದಾನಿಯನ್ನು ನೀರಿನ ಟಬ್‌ನಲ್ಲಿಟ್ಟು, ಸಣ್ಣ ಸಣ್ಣ ಸುತ್ತು ಹಾಕುತ್ತಾ ಉಜ್ಜಿ. ಒಣಗಿದ್ದನ್ನು ಉಜ್ಜಬೇಡಿ, ಆ ಗಾಜಿನ ಪುಡಿ ಎದೆಗೆ ಒಳ್ಳೆಯದಲ್ಲ. ಒಂದಕ್ಕೆ ಅರ್ಧ ಗಂಟೆ ಮೇಲೆ ಹಿಡಿಯಬಹುದು. ಕೈ ನೋಯುತ್ತದೆ ನಿಜ, ಆದರೆ ಇದು ಬಣ್ಣವೇ ಅಲ್ಲವಲ್ಲ, ಗಾಜೇ ತರಿಯಾಗಿರುತ್ತದೆ, ಏಳುವ ಮಾತೇ ಇಲ್ಲ.

ಪ್ರಶ್ನೆ: ಇವತ್ತು ಒಂದು ಉಜ್ಜಿದೆ ಸಾರ್. ನೀರಿನಲ್ಲಿ ಅದ್ದಿದರೆ ಮೊದಲಿನ ಹಾಗೇ ಕಾಣುತ್ತದೆ! ಒಳಗೂ ಉಜ್ಜಬೇಕಾ?

ಉತ್ತರ: ಒಳಗೆ ಬೇಡ, ತರಿಯಲ್ಲಿ ಪಾಚಿ ಕೂತರೆ ತೊಳೆಯುವುದು ಕಷ್ಟ. ತರಿಯಲ್ಲಿ ಬೆಳಕು ಚದುರುವುದಕ್ಕೇ ಗಾಜು ಮಂಜಾಗಿ ಕಾಣುವುದು. ನೀರು ಆ ಸಣ್ಣ ಗುಳಿಗಳನ್ನು ತುಂಬಿದರೆ ಬೆಳಕು ನೇರ ದಾಟುತ್ತದೆ, ಅಷ್ಟೇ. ಬಟ್ಟೆಯಲ್ಲಿ ಒರೆಸಿ ಕಿಟಕಿ ಬೆಳಕಿಗೆ ಹಿಡಿಯಿರಿ, ಎಲ್ಲಿ ಉಜ್ಜಿಲ್ಲವೋ ಅಲ್ಲಿ ಮಿಂಚುತ್ತದೆ. ಅಷ್ಟನ್ನು ಮಾತ್ರ ಇನ್ನೊಂದು ಸಲ ಉಜ್ಜಿದರೆ ಸಾಕು.